ಅರವತ್ತು ಕೊಡುತ್ತಿದ್ದ ಗಾಡಿ

ಮನುಷ್ಯ ತನ್ನ ವಯಸ್ಸು, ಸಂಬಳಗಳ ಬಗ್ಗೆ ಒಮ್ಮೊಮ್ಮೆಯಾದರೂ ನಿಜ ಹೇಳಿಯಾನು; ಬೈಕಿನ ಮೈಲೇಜಿನ ಬಗ್ಗೆ ನಿಜ ಹೇಳಿದವನನ್ನು ನಾನು ಕಂಡಿಲ್ಲ. ನಮ್ಮ ಸ್ಟಾಫ್ ರೂಮಿನಲ್ಲಿ ನಲವತ್ತೈದು ಕೊಡುವ ಗಾಡಿ ಚಹಾ ಬರುವ ಹೊತ್ತಿಗೆ ಐವತ್ತೈದು ಕೊಡುತ್ತದೆ, ಕಪ್ಪು ಖಾಲಿಯಾಗುವಷ್ಟರಲ್ಲಿ ಅರವತ್ತು ದಾಟಿರುತ್ತದೆ. ನನ್ನ ಗಾಡಿ ಮಾತ್ರ ನಿಜವಾಗಿಯೂ ಅರವತ್ತು ಕೊಡುತ್ತಿತ್ತು. ನೀವು ನಗುತ್ತಿದ್ದೀರಿ ಎಂದು ಗೊತ್ತು. ನಗಿರಿ, ನನಗೆ ಅಭ್ಯಾಸವಾಗಿದೆ.

ನಾನು ಇಳಕಲ್ಲಿನವನು, ಹುನಗುಂದದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಮದುವೆಗೆ ಮೊದಲೇ ಕೊಂಡ ಬೈಕಿನಲ್ಲಿ ಇವತ್ತಿಗೂ ದಿನಾ ಹೋಗಿ ಬರುತ್ತೇನೆ. ಅದರ ಮೇಲೆ ನನಗಿರುವ ಪ್ರೀತಿಯನ್ನು ಹೆಂಡತಿಯ ಎದುರು ಪೂರ್ತಿ ತೋರಿಸುವಂತಿಲ್ಲ. ನಮ್ಮಲ್ಲಿ ಕನ್ನಡ ಕಲಿಸುವ ಹಿರೇಮಠ ಮಾಸ್ತರರಿಗೆ ಅಳಿಯನಿಗಾಗಿ ಒಂದು ಹಳೆಯ ಗಾಡಿ ಬೇಕಾಗಿತ್ತು. ನನ್ನದನ್ನೇ ಕೇಳಿದರು. ನಾನು ಎಲ್ಲರೆದುರು ಎದೆಯುಬ್ಬಿಸಿ, ಇದು ಐವತ್ತಕ್ಕಿಂತ ಕೆಳಗಿಳಿದ ದಿನ ನಿಮಗೇ ಮಾರುತ್ತೇನೆ ಎಂದುಬಿಟ್ಟೆ. ಬಾಯಿಗೆ ಬೀಗ ಹಾಕಿಕೊಳ್ಳುವುದನ್ನು ಬಿ.ಎಡ್.ನಲ್ಲಿ ಯಾರೂ ಕಲಿಸುವುದಿಲ್ಲ.

ಮನೆಯಲ್ಲಿ ಈ ಮಾತು ಹೇಳಿದಾಗ ಹೆಂಡತಿ ಶೋಭಾಳ ಮುಖ ಬಾಡಿತು. ಹಾಗೆಲ್ಲ ನಾಲ್ಕು ಜನರ ಮುಂದೆ ಹೊಗಳಿಕೊಂಡರೆ ದೃಷ್ಟಿ ತಾಗುತ್ತದೆ ಎಂದಳು. ಅಮಾವಾಸ್ಯೆಯ ದಿನ ಗಾಡಿ ತೊಳೆದು, ಕುಂಕುಮ ಹಚ್ಚಿ, ಕರಿದಾರ ಕಟ್ಟಿದಳು. ಶೋಭಾ ನೇಕಾರರ ಮನೆಯ ಮಗಳು. ಅವಳ ತವರಿನಲ್ಲಿ ಸೀರೆಯ ಒಡಲಿನ ನೂಲಿಗೆ ಸೆರಗಿನ ನೂಲನ್ನು ಎಳೆಎಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಆ ಕೈ ಹಾಕಿದ ಗಂಟು ಬಿಚ್ಚುವುದೆಂದರೇನು! ಬೇರೆಯವರು ಕಟ್ಟಿದ ದಾರ ವಾರದಲ್ಲಿ ಉದುರಿ ಹೋಗುತ್ತದೆ. ಶೋಭಾ ಕಟ್ಟಿದ್ದು ಗಾಡಿಗಿಂತ ಹೆಚ್ಚು ಬಾಳುತ್ತದೆ.

ಅದರ ಮರುದಿನದಿಂದಲೇ ಗಾಡಿ ಪೆಟ್ರೋಲು ಕುಡಿಯತೊಡಗಿತು. ಅರವತ್ತು ಹೋಗಿ ನಲವತ್ತಕ್ಕೆ ಬಂತು. ಬಂಕ್ ಬದಲಿಸಿದೆ. ಪ್ಲಗ್ ಬದಲಿಸಿದೆ. ಏರ್ ಫಿಲ್ಟರ್ ಝಾಡಿಸಿದೆ, ಕಾರ್ಬೊರೇಟರ್ ತೊಳೆಸಿದೆ, ಗಾಲಿಗೆ ಗಾಳಿ ಹಾಕಿಸಿದೆ. ಸಂಜೆ ಗಾಡಿಯನ್ನು ಮನೆಯ ಮುಂದಿನ ಇಳಿಜಾರಿನಲ್ಲಿ ಮೇಲಕ್ಕೆ ದೂಡುವಾಗ ಏದುಸಿರು ಬರುತ್ತಿತ್ತು. ಭಾರ ಹೆಚ್ಚಾದದ್ದು ನನಗೇ ಇರಬೇಕೆಂದು ಊಟದಲ್ಲಿ ಒಂದು ರೊಟ್ಟಿ ಬಿಟ್ಟೆ. ಆದರೂ ಗಾಡಿ ಹಗುರಾಗಲಿಲ್ಲ. ದೃಷ್ಟಿ ಜೋರಾಗಿಯೇ ತಾಗಿದೆ ಎಂದು ಶೋಭಾ ದಾರವನ್ನು ಇನ್ನೆರಡು ಸುತ್ತು ಬಿಗಿದಳು. ಮೈಲೇಜು ಮತ್ತೂ ಇಳಿಯಿತು.

ಇಂಥ ಸುದ್ದಿ ಮುಚ್ಚಿಡುವುದು ಕಷ್ಟ. ಕೊನೆಗೊಂದು ಭಾನುವಾರ ಹಿರೇಮಠ ಮಾಸ್ತರರು ಅಳಿಯನನ್ನು ಕರೆದುಕೊಂಡು ಬಂದೇಬಿಟ್ಟರು. ಆಡಿದ ಮಾತು ಆಡಿದ ಮಾತೇ. ಕೀಲಿ ಕೊಡುವ ಮೊದಲು ಅದನ್ನು ಅಂಗಿಯ ತುದಿಯಿಂದ ಎರಡು ಸಲ ಒರೆಸಿದೆ, ಸುಳ್ಳೇಕೆ ಹೇಳಲಿ. ಅಳಿಯ ಗಾಡಿಯ ಪಕ್ಕ ನಿಂತೇ ಕೀಲಿ ತಿರುವಿದ. ಹಿಂದೆ ನಿಂತಿದ್ದ ಹಿರೇಮಠರು ಬಗ್ಗಿ ನೋಡಿದರು.

"ಸರ್, ಬ್ರೇಕ್ ಯಾರೂ ತುಳದಿಲ್ಲ, ಹಿಂದಿನ ಕೆಂಪು ದೀಪ ಯಾಕ ಹತ್ತೇತ್ರಿ?"

ನಾನೂ ಬಗ್ಗಿದೆ. ಕಾಲಿಡುವ ಕಂಬಿಗೂ ಬ್ರೇಕಿನ ಪೆಡಲಿಗೂ ಸೇರಿಸಿ ಕರಿದಾರ ಬಿಗಿದಿತ್ತು. ಪೆಡಲು ಒಂದಿಷ್ಟು ಕೆಳಗೆ ಜಗ್ಗಿ ನಿಂತಿತ್ತು. ಅಂದರೆ ಇಷ್ಟು ದಿನ ನಾನು ಇಳಕಲ್ಲಿನಿಂದ ಹುನಗುಂದದವರೆಗೆ ಬ್ರೇಕು ಹಿಡಿದುಕೊಂಡೇ ಹೋಗುತ್ತಿದ್ದೆ, ಶಾಲೆಗೆ ಹೋಗಿ ಘರ್ಷಣೆಯ ಪಾಠ ಮಾಡುತ್ತಿದ್ದೆ.

ತಪ್ಪು ಗಾಡಿಯದಲ್ಲ, ದಾರದ್ದು; ಗಾಡಿ ಉಳಿಯಿತೆಂದು ಜೀವ ತಿರುಗಿ ಬಂತು. ಆದರೆ ಮಾನ ಇನ್ನೂ ಹೋಗುವುದಿತ್ತು. ಹಿರೇಮಠರು ದಾರವನ್ನು ಬೆರಳಿನಿಂದ ಮೀಟಿ, ವಿಜ್ಞಾನದ ಮಾಸ್ತರರ ಗಾಡಿಗೆ ಇದೇನು ಎಂದು ಕೇಳಿದರು. ಹೆಂಗಸರ ನಂಬಿಕೆ, ನಾವೇನು ಮಾಡುವುದು ಎನ್ನುವಂತೆ ನಾನು ಶೋಭಾಳ ಕಡೆ ನೋಡಿ ನಕ್ಕೆ. ಅವಳು ನಗಲಿಲ್ಲ.

"ನಾ ಎಲ್ಲಾರಂಗ ಹ್ಯಾಂಡಲಿಗೇ ಕಟ್ತೇನಿ ಅಂದಿದ್ನಿರಿ," ಎಂದು ಹಿರೇಮಠರಿಗೇ ಹೇಳಿದಳು. "ಸಾಲಿ ಹುಡುಗ್ರು ನೋಡಿದ್ರ ನಗ್ತಾರ, ಯಾರಿಗೂ ಕಾಣದಂಗ ಕೆಳಗ ಕಟ್ಟು ಅಂತ ಇವ್ರ ಅಂದ್ರು."

ಗಂಟು ಯಾರ ಕೈಗೂ ಬಿಚ್ಚಲಿಲ್ಲ. ಶೋಭಾ ಒಳಗಿನಿಂದ ಕತ್ತರಿ ತಂದಳು. ಹಿರೇಮಠರು ಚಹಾ ಕುಡಿದು, ಕೀಲಿಯನ್ನು ನನ್ನ ಕೈಗಿಟ್ಟು, ಅಳಿಯನೊಡನೆ ಬಂದ ದಾರಿಯಲ್ಲೇ ಹೋದರು. ಹೊಸ ಕರಿದಾರ ಈಗ ಹ್ಯಾಂಡಲಿನ ಮೇಲೆ ಊರಿಗೆಲ್ಲ ಕಾಣುವಂತೆ ಇದೆ. ಗಾಡಿ ಮತ್ತೆ ಅರವತ್ತು ಕೊಡುತ್ತಿದೆ.

ಸ್ಟಾಫ್ ರೂಮಿನಲ್ಲಿ ಯಾರಾದರೂ ಕೇಳಿದರೆ ಮಾತ್ರ ಐವತ್ತೆರಡು ಎನ್ನುತ್ತೇನೆ. ದೃಷ್ಟಿ ತಾಗುತ್ತದೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ನಂಬಿಕೆಯಿಲ್ಲ. ಆದರೂ ಅರವತ್ತು ಅಂತ ಬಾಯಿಬಿಟ್ಟು ಯಾಕೆ ಹೇಳಬೇಕು?