ಎರಡು ಬಾಗಿಲಿನ ಹಳದಿ ಗಾಡಿ

ಸೆಕೆಂಡ್ ಹ್ಯಾಂಡ್ ಗಾಡಿ ಮಾರುವವನಿಗೆ ಬಾಯಿ ತೆರೆದು ಹಾಗೇ ನಿಂತುಬಿಡುವ ಪ್ರಸಂಗ ಆಗಾಗ ಬಂದೇ ಬರುತ್ತದೆ. ಆದರೆ ನನಗೆ ಒಂದೇ ಗಾಡಿಯಿಂದ ಎಷ್ಟು ಸಲ ಬಂತೆಂದರೆ, ತೆರೆದ ಬಾಯಿ ಮುಚ್ಚಲಿಕ್ಕೇ ಪುರುಸೊತ್ತು ಸಿಗಲಿಲ್ಲ.

ನಾನು ಶಿರ್ವದ ಕಡೆಯವ. ದುಬೈಯಲ್ಲಿ ಒಬ್ಬ ಅರಬ್ಬಿ ಯಜಮಾನರ ಷೋರೂಮಿನಲ್ಲಿ ಸೇಲ್ಸ್‌ಮ್ಯಾನ್ ಆಗಿ ತಲೆಯ ಕೂದಲೆಲ್ಲ ಕಳಕೊಂಡಿದ್ದೇನೆ. ಯಜಮಾನರನ್ನು ಇಲ್ಲಿ ಎಲ್ಲರೂ ಅರ್ಬಾಬ್ ಎನ್ನುತ್ತೇವೆ. ಊರಿನ ಗಿರಾಕಿಗಳು ನನ್ನನ್ನು ‘ಪೊರ್ಬುಗಳೇ’ ಎನ್ನುತ್ತಾರೆ, ಕ್ರಿಶ್ಚಿಯನ್ನರನ್ನು ನಮ್ಮಲ್ಲಿ ಕರೆಯುವುದೇ ಹಾಗೆ.

ಎರಡು ಬಾಗಿಲಿನ ಒಂದು ಅಮೆರಿಕನ್ ಸ್ಪೋರ್ಟ್ಸ್ ಕೂಪೆ ಕಾರಿನ ವಂಶಾವಳಿಯನ್ನೇ ನಾನು ಕಂಡವ. ನಾನು ಸೇರಿದ ಹೊಸತರಲ್ಲಿ ಅಜ್ಜನ ಕಾಲದ್ದೊಂದು ಬಂದಿತ್ತು. ಉದ್ದ ಮೂಗು, ಗಿಡ್ಡ ಬಾಲ, ಕ್ರೋಮಿನ ಹೊಳಪು. ಬ್ರೇಕ್ ಮಾತ್ರ ದೇವರ ಮೇಲೆ ಭಾರ. ಆಮೇಲೆ ಪೆಟ್ರೋಲಿಗೆ ಬರ ಬಂದ ಕಾಲದ್ದು ಬಂತು. ಹೆಸರು ಅದೇ, ನೋಡಲಿಕ್ಕೆ ಸಾಬೂನಿನ ಡಬ್ಬಿ. ಆಮೇಲೆ ಯಾರಿಗೋ ಬುದ್ಧಿ ಬಂದು ಹಳೆಯ ಮುಖವನ್ನೇ ತಿದ್ದಿ ತೀಡಿ, ಎಂಟು ಸಿಲಿಂಡರಿನ ಇಂಜಿನ್ ಇಟ್ಟು ಮಾಡಿದರು. ಅದನ್ನು ಸ್ಟಾರ್ಟ್ ಮಾಡಿದರೆ ಪಕ್ಕದ ಕೆಫೆಟೇರಿಯಾದಲ್ಲಿ ಚಾಯದ ಗ್ಲಾಸು ನಡುಗುತ್ತಿತ್ತು. ಬೆಳಿಗ್ಗೆ ಬಂದದ್ದು ಸಂಜೆಗೆ ಮಾರಿ ಹೋಗುತ್ತಿತ್ತು.

ಆ ಆಸೆಯಲ್ಲೇ ಅರ್ಬಾಬ್ ಹರಾಜಿನಲ್ಲಿ ಅದೇ ಹೆಸರಿನ ಒಂದು ಹಳದಿ ಗಾಡಿಯನ್ನು ಹಿಡಿದು ತಂದರು. ಈಗಿನ ಕಾಲದ್ದು, ಒಳಗೆ ದೊಡ್ಡ ಸ್ಕ್ರೀನು, ನೋಡಿದರೆ ಜೊಲ್ಲು ಸುರಿಯಬೇಕು. ಆದರೆ ಬಾನೆಟ್ ತೆರೆದು ನೋಡಿದರೆ ನಾಲ್ಕೇ ಸಿಲಿಂಡರು! ಎರಡೇ ಬಾಗಿಲೆಂದು ಸಂಸಾರಸ್ಥರು ಬೇಡ ಅಂದರು. ನಾಲ್ಕೇ ಸಿಲಿಂಡರೆಂದು ಪಡ್ಡೆ ಹುಡುಗರು ಬೇಡ ಅಂದರು. ಹಳದಿ ಅಲ್ಲೇ ನಿಂತಿತು.

ಒಂದು ದಿನ ಅರ್ಬಾಬ್ ನನ್ನನ್ನು ಕರೆದು ಶಾಂತವಾಗಿ ಹೇಳಿದರು, “ಈದ್ ಒಳಗೆ ಈ ಹಳದಿ ಹೋಗಬೇಕು. ಅದು ಹೋಗದಿದ್ದರೆ ನೀನು ಹೋಗ್ತೀ.”

ನಾನು ಹೋಗುವುದೆಂದರೆ ವೀಸಾ ಕ್ಯಾನ್ಸಲ್. ನನ್ನ ವೀಸಾದ ಮೇಲೆ ಹೆಂಡತಿ, ಮಗಳು. ಮಗಳು ಹತ್ತನೇ ಕ್ಲಾಸು. ಅವತ್ತಿನಿಂದ ಮನೆಯಲ್ಲಿ ಹೆಂಡತಿ ಬಾಗಿಲು ತೆಗೆದ ಕೂಡಲೇ ಕೇಳುವುದು ಒಂದೇ, “ಹೋಯ್ತಾ?” ಊಟ ಆಯ್ತಾ ಇಲ್ಲ, ಸುಸ್ತಾ ಇಲ್ಲ. ಹೋಯ್ತಾ!

೧. ಹಿಂದಿನ ಸೀಟು

ಮೊದಲು ಬಂದದ್ದು ಅಲ್ ಬರ್ಷಾದ ಒಂದು ಸಂಸಾರ, ನಮ್ಮದೇ ಕೊಂಕಣಿಯವರು. ಗಂಡ ಹೋಟೆಲಿನಲ್ಲಿ ದೊಡ್ಡ ಕೆಲಸದಲ್ಲಿದ್ದವ. ಜೊತೆಗೆ ಹೆಂಡತಿ, ಮತ್ತು ವಿಸಿಟ್ ವೀಸಾದಲ್ಲಿ ಬಂದಿದ್ದ ಅವನ ತಾಯಿ. ಗಂಡ ಹಳದಿಯನ್ನು ಕಂಡವನೇ ಅದರ ಮೈ ಸವರತೊಡಗಿದ. ಹೆಂಡತಿ ಮಾತಾಡದೆ ಗಾಡಿಗೆ ಒಂದು ಸುತ್ತು ಬಂದಳು. ಇನ್ನೊಂದು ಸುತ್ತು ಬಂದಳು. ಆಮೇಲೆ ನನ್ನ ಹತ್ತಿರ ಬಂದು ಕೇಳಿದಳು, “ಹಿಂದಿನ ಬಾಗಿಲುಗಳನ್ನು ರಿಪೇರಿಗೆ ಕಳಿಸಿದ್ದೀರಾ?”

“ಇದಕ್ಕೆ ಇರುವುದೇ ಎರಡು, ಮೇಡಂ.”

“ಮತ್ತೆ ಮಾಂಯ್ ಹತ್ತುವುದು ಎಲ್ಲಿಂದ?” ಎಂದು ಅತ್ತೆಯ ಕಡೆ ಕೈ ತೋರಿಸಿದಳು.

ಗಂಡನಿಗೆ ಹುಮ್ಮಸ್ಸು. ಮುಂದಿನ ಸೀಟು ಬಗ್ಗಿಸಿ, “ಇಲ್ಲಿಂದ! ಎಷ್ಟು ಸುಲಭ ನೋಡು” ಎಂದು ತಾಯಿಯ ಕೈ ಹಿಡಿದು ಒಳಗೆ ತೂರಿಸಿಯೇಬಿಟ್ಟ. ಆ ಅಜ್ಜಿ ಮೊದಲು ತಲೆ ಹಾಕಿದರು, ಆಮೇಲೆ ಮೊಣಕಾಲು, ಆಮೇಲೆ ಉಳಿದದ್ದೆಲ್ಲ ಹೇಗೋ ಒಳಗೆ ಹೋಯಿತು. ಸರಿ, ಈಗ ಹೊರಗೆ ಬರಲಿ ಅಂದರೆ ಬರಲಿಕ್ಕಾಗುವುದಿಲ್ಲ! ಕಾಲು ಮುಂದೆ ಬಂದರೆ ಸೊಂಟ ಹಿಂದೆ ಉಳಿಯುತ್ತದೆ. ಮಗ ಎಳೆದ, ನಾನು ಎಳೆದೆ. ಸೊಸೆ ಗಂಡನಿಗೆ ಬಯ್ಯುತ್ತಾ ಎಳೆದಳು. ಗಾಡಿ ಮಾರದಿದ್ದರೆ ಹೋಗಲಿ, ಗಿರಾಕಿಯ ತಾಯಿಯನ್ನು ಒಳಗಿಟ್ಟುಕೊಂಡು ನಾನು ಅರ್ಬಾಬಿಗೆ ಏನು ಹೇಳಲಿ?

ಹೊರಗೆ ಮೈ ಸುಡುವ ಬಿಸಿಲು. ಒಳಗೆ ಎಸಿ ಹಾಕಿಟ್ಟಿದ್ದೆ. ಸ್ವಲ್ಪ ಹೊತ್ತು ನಮ್ಮ ಒದ್ದಾಟ ನೋಡಿದ ಅಜ್ಜಿ ಆರಾಮವಾಗಿ ಹಿಂದಕ್ಕೆ ಒರಗಿ ಹೇಳಿದರು, “ಬಿಡು ಮಗಾ, ಇಲ್ಲಿ ತಂಪಾಗಿದೆ. ನೀವು ಹೋಗಿ ನಾಲ್ಕು ಬಾಗಿಲಿನದ್ದು ನೋಡಿ ಬನ್ನಿ. ನಾನು ಒಂದು ತೇರ್ಸ್ ಮಾಡಿ ಮುಗಿಸ್ತೇನೆ.”

ಕೈಯಲ್ಲಿ ಜಪಮಣಿ ಆಗಲೇ ತಿರುಗುತ್ತಿತ್ತು.

೨. ಡಿಕ್ಕಿಯ ಪರೀಕ್ಷೆ

ನೈಫ್ ಎಂಬ ಪೇಟೆಯಲ್ಲಿ ಬಟ್ಟೆ ವ್ಯಾಪಾರ ಮಾಡುವ ಒಬ್ಬರು ಹಾಜಿಯವರು ನನಗೆ ಹಳೆಯ ಪರಿಚಯ. ಬಂಟ್ವಾಳದ ಕಡೆಯ ಬ್ಯಾರಿಗಳು. ಅವರು ಬಂದದ್ದೇ ಒಂದು ದೊಡ್ಡ ಬಟ್ಟೆಯ ಕಟ್ಟನ್ನು ಟ್ಯಾಕ್ಸಿಯಲ್ಲಿ ಹಾಕಿಕೊಂಡು.

“ಹಾಜಿಯವರೇ, ಇದೆಂಥದ್ದು?”

“ಮನುಷ್ಯರು ಹೇಗೂ ಮುದುಡಿ ಕೂತ್ಕೊಳ್ತಾರೆ ಪೊರ್ಬುಗಳೇ. ಮಾಲು ಮುದುಡುದಿಲ್ಲ. ಡಿಕ್ಕಿ ತೆಗೀರಿ.”

ಕಟ್ಟನ್ನು ತಳ್ಳಿದರು. ಅರ್ಧ ಹೋಯಿತು. ಹಿಂದಿನ ಸೀಟು ಮಡಚಿದೆ. ಪೂರ್ತಿ ಹೋಯಿತು! ಹಾಜಿಯವರ ಮುಖ ಅರಳಿತು. ನನ್ನದೂ ಅರಳಿತು. ಇವತ್ತು ರಾತ್ರಿ ಹೆಂಡತಿಗೆ ‘ಹೋಯ್ತು’ ಅನ್ನಬಹುದು ಎಂದುಕೊಂಡೆ. ಉಮೇದು ಹೆಚ್ಚಾಗಿ, ಬೇಡದ ಬಾಯಿ ಬಿಟ್ಟೆ, “ನೂರಕ್ಕೆ ಮುಟ್ಟಲಿಕ್ಕೆ ಇದಕ್ಕೆ ಐದಾರು ಸೆಕೆಂಡ್ ಸಾಕು ಹಾಜಿಯವರೇ.”

ಅವರು ನನ್ನನ್ನು ಕನಿಕರದಿಂದ ನೋಡಿದರು. “ನೂರಾ? ನೈಫ್ ರಸ್ತೆಯಲ್ಲಿ ನಾನು ಮೂರನೇ ಗೇರು ಕಾಣದೆ ವರ್ಷಗಟ್ಟಲೆ ಆಯ್ತು ಮಾರಾಯ್ರೆ.”

ಆದರೂ ಬೇಡ ಅನ್ನಲಿಲ್ಲ. ಗಾಡಿಯ ಸುತ್ತ ಬಂದು, ಆ ಜಾರುವ ಚಂದದ ಛಾವಣಿಯ ಮೇಲೆ ಅಂಗೈಯಿಂದ ಎರಡು ಸಲ ತಟ್ಟಿ ನೋಡಿದರು, ಊರಿನಲ್ಲಿ ಹಲಸಿನ ಹಣ್ಣು ತಟ್ಟುವ ಹಾಗೆ.

“ತಗೊಳ್ಳುವ. ಒಂದೇ ಒಂದು ಕೆಲಸ ನೀವು ಮಾಡಿಸಿ ಕೊಡ್ಬೇಕು.”

“ಏನು ಬೇಕಾದರೂ ಹೇಳಿ!”

“ಮೇಲೆ ಒಂದು ಕಬ್ಬಿಣದ ಕ್ಯಾರಿಯರ್ ಕೂರಿಸಿ. ಇನ್ನು ನಾಲ್ಕು ಕಟ್ಟು ಹೋಗ್ತದೆ.”

ಸ್ಪೋರ್ಟ್ಸ್ ಕೂಪೆಗೆ ಕ್ಯಾರಿಯರ್! ಯಾರೋ ನನ್ನ ಮಗಳನ್ನೇ ಮೂಟೆ ಹೊರಲಿಕ್ಕೆ ಕೇಳಿದ ಹಾಗಾಯಿತು. ಕೆಲಸ ಹೋಗುತ್ತದೆ ಎಂಬುದೂ ಮರೆತು, “ಆಗುದಿಲ್ಲ!” ಎಂದು ಕಿರುಚಿದೆ. ಹಾಜಿಯವರಿಗೆ ಬೇಜಾರಿಲ್ಲ. ಪಕ್ಕದಲ್ಲಿದ್ದ ಬಿಳಿ ವ್ಯಾನನ್ನು ಅಲ್ಲೇ ತಗೊಂಡರು. ಹೋಗುವಾಗ ಹಳದಿಯ ಕಡೆ ಬೆರಳು ತೋರಿಸಿ ಸಮಾಧಾನ ಹೇಳಿದರು, “ಬಿಡಿ ಪೊರ್ಬುಗಳೇ, ಅದಕ್ಕೂ ಒಬ್ಬ ಕೆಲಸವಿಲ್ಲದವ ಸಿಗ್ತಾನೆ.”

೩. ಒಳಗಿನ ಸದ್ದು, ಹೊರಗಿನ ಸದ್ದು

ಕೆಲಸವಿಲ್ಲದವರು ಇಬ್ಬರು ಬಂದರು. ಅಬುಧಾಬಿಯ ಅರಬ್ಬಿ ತರುಣರು, ಜೀವದ ಗೆಳೆಯರು. ನಾನು ಈ ಸಲ ಬುದ್ಧಿವಂತನಾದೆ. ಬಾನೆಟ್ ತೆರೆಯಲೇ ಇಲ್ಲ. ಒಬ್ಬನನ್ನು ಸೀದಾ ಸೀಟಿನಲ್ಲಿ ಕೂರಿಸಿ, ಬಾಗಿಲು ಹಾಕಿ, ಸ್ಟಾರ್ಟ್ ಮಾಡಿಸಿದೆ. ಆಕ್ಸಿಲರೇಟರ್ ಒತ್ತಿದ. ಅವನ ಮುಖದಲ್ಲಿ ಹಬ್ಬ!

ಗಾಜು ಇಳಿಸಿ ಗೆಳೆಯನಿಗೆ ಕೂಗಿದ, “ಸಿಂಹ! ಕೇಳಿಸ್ತಾ?”

ಹೊರಗೆ ನಿಂತವ ಕಿವಿಗೆ ಕೈ ಇಟ್ಟು, “ಹೊಲಿಗೆ ಮೆಷಿನ್ ಕೇಳಿಸ್ತಾ ಉಂಟು” ಅಂದ.

“ನಿನಗೆ ಕಿವಿ ಕೆಟ್ಟಿದೆ.”

“ನಿನಗೆ ತಲೆ ಕೆಟ್ಟಿದೆ.”

ಜಗಳ ಜೋರಾಯಿತು. ಕೊನೆಗೆ ಇಬ್ಬರೂ ಜಾಗ ಬದಲಾಯಿಸಿದರು. ಈಗ ಒಳಗೆ ಹೋದವ, “ವಲ್ಲಾ, ದೇವರಾಣೆ ಸಿಂಹವೇ!” ಎಂದು ಕೂಗಿದರೆ, ಹೊರಗೆ ಬಂದವನ ಮುಖ ಸಪ್ಪಗಾಯಿತು. ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ನಾನು ಮೇಲೆ ಆಕಾಶ ನೋಡಿದೆ.

ವಿಷಯ ಇಷ್ಟೇ. ಇಂಜಿನ್ ಸಣ್ಣದಾದ ಮೇಲೆ ಗರ್ಜನೆ ಕಮ್ಮಿಯಾಯಿತು. ಗಿರಾಕಿಗೆ ಬೇಜಾರಾಗಬಾರದೆಂದು ಗರ್ಜನೆಯನ್ನು ಒಳಗಿನ ಸ್ಪೀಕರಿನಲ್ಲಿ ಇಟ್ಟಿದ್ದಾರೆ. ಇದು ನನಗೂ ಗೊತ್ತಿತ್ತು, ಹೇಳುವ ಧೈರ್ಯ ಇರಲಿಲ್ಲ. ಈಗ ಹೇಳಲೇಬೇಕಾಯಿತು. ಬೇಕಾದರೆ ಆಫ್ ಮಾಡಬಹುದೆಂದು ಸ್ಕ್ರೀನಿನಲ್ಲಿ ಒತ್ತಿ ತೋರಿಸಿದೆ. ಸಿಂಹ ಅಲ್ಲೇ ಸತ್ತಿತು. ಗಾಡಿಯೊಳಗೆ ಎಸಿಯ ಸದ್ದು ಮಾತ್ರ ಉಳಿಯಿತು.

ಒಳಗಿದ್ದವ ಮೆಲ್ಲ ಇಳಿದ. ಗೆಳೆಯನ ಭುಜದ ಮೇಲೆ ಕೈ ಇಟ್ಟ. ಗೆಳೆಯ ಗಾಡಿಯ ಕವರನ್ನು ಎಳೆದು, ಹೆಣದ ಮುಖ ಮುಚ್ಚಿದ ಹಾಗೆ, ಬಾನೆಟ್ಟಿನ ಮೇಲೆ ಹೊದೆಸಿದ.

೪. ಲಿಂಬೆಹಣ್ಣು

ಈದಿಗೆ ಮೂರೇ ದಿನ ಇರುವಾಗ ದೇವರು ಕಣ್ಣು ತೆರೆದ. ಸಿಲಿಕಾನ್ ಓಯಸಿಸ್‌ನಿಂದ ಒಬ್ಬರು ಕುಂದಾಪುರದವರು ಬಂದರು. ಕಂಪ್ಯೂಟರ್ ಕೆಲಸ, ಕನ್ನಡಕ, ಮೆತ್ತಗಿನ ಸ್ವರ. ಸಿಲಿಂಡರ್ ಎಷ್ಟೆಂದು ಕೇಳಲಿಲ್ಲ, ಡಿಕ್ಕಿ ನೋಡಲಿಲ್ಲ. ಗಾಡಿಯ ಎದುರು ನಿಂತು, “ಕಾಲೇಜಿನಲ್ಲಿ ಇದರ ಪಟ ಗೋಡೆಗೆ ಅಂಟಿಸಿದ್ದೆ ಪೊರ್ಬುಗಳೇ” ಎಂದರು. ಕಣ್ಣು ಒದ್ದೆಯಾಗಿತ್ತು. ನನ್ನದೂ ಒದ್ದೆಯಾಯಿತು, ಕಾರಣ ಬೇರೆ. ಅಲ್ಲೇ ಅಡ್ವಾನ್ಸ್ ಕೊಟ್ಟರು. “ಅಮ್ಮ ಹೇಳಿದ್ದಾರೆ, ಗಾಡಿಪೂಜೆ ಮಾಡಿಯೇ ಇಲ್ಲಿಂದ ಹೊರಡಬೇಕು” ಎಂದರು. ಮಾಡಿ ಸ್ವಾಮಿ, ಬೇಕಾದರೆ ಹೋಮವನ್ನೂ ಮಾಡಿ!

ಮರುದಿನ ಅವರ ಹೆಂಡತಿ ತೆಂಗಿನಕಾಯಿ, ಕುಂಕುಮ, ಗೊಂಡೆ ಹೂವಿನ ಹಾರ ತಂದರು. ನಾಲ್ಕು ಚಕ್ರದ ಅಡಿಗೆ ನಾಲ್ಕು ಲಿಂಬೆಹಣ್ಣು ಇಟ್ಟರು. ಊರಿನಿಂದ ಅಮ್ಮ ವಿಡಿಯೋ ಕಾಲಿನಲ್ಲಿ ಅಪ್ಪಣೆ ಕೊಡುತ್ತಿದ್ದರು. ಕ್ರಿಶ್ಚಿಯನ್ ಆದ ನನ್ನ ಕೈಯಲ್ಲಿ ಊದಿನಕಡ್ಡಿ. ಅರ್ಬಾಬ್ ಹೊಸ ಬಿಳಿ ಕಂದೂರ ನಿಲುವಂಗಿ ಹಾಕಿಕೊಂಡು ಹೊರಗೆ ಬಂದು, ಗಾಡಿಯ ಹಿಂದೆ ನಿಂತು ಕೇಳಿದರು, “ಇದೆಂಥದ್ದು?”

“ಇನ್ಶೂರೆನ್ಸ್, ಅರ್ಬಾಬ್” ಅಂದೆ.

ತೆಂಗಿನಕಾಯಿ ಒಡೆದು ನೀರು ಚಕ್ರದ ಹತ್ತಿರ ಚೆಲ್ಲಿದ್ದಾಯಿತು. ಹೆಂಡತಿ ಎದುರು ನಿಂತು ಆರತಿ ಎತ್ತಿದರು. ಗಂಡ ಮೆಲ್ಲ ಬ್ರೇಕ್ ಬಿಟ್ಟರು. ಗಾಡಿ ಒಂದು ಬೆರಳು ಮುಂದೆ ಬಂತು, ಅಷ್ಟೇ! ಬೀಪ್ ಬೀಪ್ ಎಂದು ಹೊಡೆದುಕೊಂಡಿತು, ಸ್ಕ್ರೀನೆಲ್ಲ ಕೆಂಪು. ಅವರು ಹೆದರಿ ಬ್ರೇಕ್ ಒತ್ತಿದರು. ಇನ್ನೊಮ್ಮೆ ಬಿಟ್ಟರು. ಮತ್ತೆ ಬೀಪ್, ಮತ್ತೆ ಬ್ರೇಕ್.

ಫೋನಿನಿಂದ ಅಮ್ಮ ಕೇಳಿದರು, “ಲಿಂಬಿಹಣ್ಣ್ ಒಡೀತಾ ಮಗಾ?”

“ಇಲ್ಲಮ್ಮ.”

“ಹಾಂಗಾರೆ ಬ್ಯಾಡ. ಆ ಗಾಡಿ ಬ್ಯಾಡ.”

ಫೋನಿಗೆ ಬಾಯಿ ಹಾಕಿದೆ, “ಅಮ್ಮಾ, ಹೊಸ ಕಾಲದ ಗಾಡಿಗೆ ಕಣ್ಣುಂಟು. ಎದುರು ನಿಮ್ಮ ಸೊಸೆ ನಿಂತಿದ್ದಾರೆ, ಅದಕ್ಕೇ ಅದು ಬೊಬ್ಬೆ ಹಾಕಿದ್ದು!”

“ಅವ್ಳ್ ಎದ್ರ್ ನಿಂತ್ರೆ ನನ್ ಮಗನೇ ಮುಂದ್ ಹೋತಿಲ್ಲೆ, ಇನ್ ಗಾಡಿ ಹೋತ್ತಾ?”

ಸೊಸೆ ಆರತಿ ತಟ್ಟೆಯನ್ನು ಠಣ್ ಎಂದು ಕೆಳಗಿಟ್ಟರು. “ನನಗೂ ಬೇಡ ಈ ಗಾಡಿ. ರೀ, ಅಡ್ವಾನ್ಸ್ ವಾಪಸ್ ತಗೊಳ್ಳಿ.” ಗಂಡ ಪಾಪ, ಗಾಡಿಯಿಂದ ಇಳಿದು, ಕನ್ನಡಕ ತೆಗೆದು ಒರೆಸತೊಡಗಿದರು. ಅತ್ತೆ ಸೊಸೆ ಒಂದಾದದ್ದು ಅದೊಂದೇ ವಿಷಯದಲ್ಲಿ, ನನ್ನ ಹೊಟ್ಟೆಗೆ ಹೊಡೆಯುವುದರಲ್ಲಿ!

ಮಗಳ ಮುಖ ಕಣ್ಣೆದುರು ಬಂತು. ತಲೆ ಕೆಟ್ಟಿತು. “ಎಲ್ಲರೂ ಎದುರಿನಿಂದ ಸರೀರಿ!” ಎಂದು ಅಬ್ಬರಿಸಿ, ನಾನೇ ಸೀಟಿನಲ್ಲಿ ಕೂತೆ. ಲಿಂಬೆ ಒಡೆಯಬೇಕು ತಾನೇ? ಒಡೆಯುತ್ತೇನೆ. ಆಕ್ಸಿಲರೇಟರನ್ನು ಒತ್ತಿಬಿಟ್ಟೆ.

ಈ ಗಾಡಿಯಲ್ಲಿ ಓಡುವುದು ಹಿಂದಿನ ಚಕ್ರ. ಅಡಿಯಲ್ಲಿ ತೆಂಗಿನಕಾಯಿ ನೀರು. ಚಕ್ರ ನಿಂತಲ್ಲೇ ಗಿರ್ರನೆ ತಿರುಗಿ, ಗಾಡಿ ಮುಂದಕ್ಕೆ ಚಿಮ್ಮಿತು. ಟಪ್, ಟಪ್, ಟಪ್! ಮೂರು ಲಿಂಬೆ ಒಡೆಯಿತು. ನಾಲ್ಕನೆಯದು ಒಡೆಯಲಿಲ್ಲ, ಹಾರಿತು. ಬ್ರೇಕ್ ಒತ್ತಿ ಕನ್ನಡಿಯಲ್ಲಿ ನೋಡುತ್ತೇನೆ, ಅರ್ಬಾಬ್ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದು ಬಗ್ಗಿದ್ದಾರೆ. ಹೊಸ ಕಂದೂರದ ಮೇಲೆ ತೆಂಗಿನಕಾಯಿ ನೀರು, ಕುಂಕುಮ, ಟೈರಿನ ಕರಿ.

ಸಾಯ್ಬಾ ದೇವರೇ, ಖಲಾಸ್! ನಾನು ಗಾಡಿಯಿಂದ ಇಳಿಯಲಿಲ್ಲ. ಗಾಜು ಮಾತ್ರ ಇಳಿಸಿದೆ.

ಅರ್ಬಾಬ್ ನಿಧಾನ ನೆಟ್ಟಗಾದರು. ಲಿಂಬೆಯನ್ನು ಹೆಕ್ಕಿದರು. ತಿರುಗಿಸಿ ನೋಡಿದರು. ಗಾಡಿಯನ್ನು ನೋಡಿದರು.

“ಇದು ನಾಲ್ಕು ಸಿಲಿಂಡರಾ?”

“ಹೌದು ಅರ್ಬಾಬ್.”

“ನಾಲ್ಕು ಸಿಲಿಂಡರಿಗೆ ಇಷ್ಟು ಸಿಟ್ಟಾ! ಯಾರಿಗೂ ಬೇಡದಿದ್ದರೆ ಬಿಡು, ಇದನ್ನು ನಾನೇ ಇಟ್ಕೊಳ್ತೇನೆ.”

ಅಷ್ಟು ಹೊತ್ತು ಕನ್ನಡಕ ಒರೆಸುತ್ತಿದ್ದ ಮೆತ್ತಗಿನ ಮನುಷ್ಯ ಗಾಡಿಗೆ ಅಡ್ಡ ಬಂದು ನಿಂತರು. “ಇಟ್ಕೊಳ್ಳುದಾ? ಅಡ್ವಾನ್ಸ್ ಕೊಟ್ಟವ ನಾನು!” ಹಿಂದಿನಿಂದ ಹೆಂಡತಿ, “ಅದು ಹೇಗೆ ಇಟ್ಕೊಳ್ತಾರೆ? ಪೂಜೆ ಮಾಡಿದವರು ನಾವು!” ಎಂದರು. ಬೇರೆಯವರು ಕೇಳಿದ ಕೂಡಲೇ ಅದು ಇವರ ಗಾಡಿಯಾಗಿತ್ತು. ಉಳಿದದ್ದು ಅಮ್ಮ ಒಬ್ಬರು.

“ಮಗಾ, ಒಡೀತಾ?”

“ಮೂರು ಒಡೆಯಿತಮ್ಮ. ಒಂದು ಹೋಗಿ ಯಜಮಾನರ ಹೊಟ್ಟೆಗೆ ಬಡಿಯಿತು.”

ಅಮ್ಮನ ಸ್ವರ ಖುಷಿಯಲ್ಲಿ ಬಂತು, “ಹಾಂಗಾರೆ ಧೈರ್ಯದಲ್ ತಕೋ ಮಗಾ! ಗಾಡಿಯ ದೃಷ್ಟಿ ಪೂರಾ ಅವ್ರ್ ಮೇಲ್ ಹೋಯ್ತ್!”

ಅರ್ಬಾಬ್ ನನ್ನ ಕಡೆ ತಿರುಗಿ, ಫೋನಿನಲ್ಲಿದ್ದ ಅಮ್ಮನನ್ನು ತೋರಿಸಿ ಕೇಳಿದರು, “ಮಾಮಾ ಏನು ಹೇಳಿದರು?”

“ನಿಮಗೆ ದೊಡ್ಡ ಆಶೀರ್ವಾದ ಮಾಡಿದರು, ಅರ್ಬಾಬ್.”

ಅವರು ಎದೆಯ ಮೇಲೆ ಕೈ ಇಟ್ಟು, ಫೋನಿಗೆ ಬಗ್ಗಿ, “ಶುಕ್ರಾನ್, ಮಾಮಾ” ಎಂದು ಥ್ಯಾಂಕ್ಸ್ ಹೇಳಿದರು. ನಾನು ಇಳಿದುಕೊಟ್ಟ ಹಳದಿ ಗಾಡಿ ಗೇಟು ದಾಟಿ ಹೋಗುವವರೆಗೆ ಕೈ ಬೀಸಿದರು. ಆಮೇಲೆ ನನ್ನ ಬೆನ್ನಿಗೊಂದು ಗುದ್ದಿ, “ನೀನು ಎಲ್ಲಿಗೂ ಹೋಗುದು ಬೇಡ. ನಾಳೆ ಆ ಕಪ್ಪು ಜೀಪನ್ನು ಡೆಲಿವರಿ ತಗೊಳ್ಳಲಿಕ್ಕೆ ಜನ ಬರ್ತಾರಲ್ಲ, ಅದಕ್ಕೂ ಲಿಂಬೆ ತರಿಸು” ಎಂದರು. ಒಳಗೆ ಹೋಗುತ್ತಿದ್ದವರು ನಿಂತು, ತಿರುಗಿ, ಬೆರಳೆತ್ತಿ ಹೇಳಿದರು:

“ಹಿಂದೆ ಬೇರೆ ಯಾರೂ ನಿಲ್ಲಬಾರದು. ಆ ಜಾಗ ನನ್ನದು.”