ಷಡ್ಜಕ್ಕೆ ಇಳಿಯದ ಕಾರು

ನನ್ನ ಕಿವಿಯ ಬಗ್ಗೆ ನನಗೆ ಬಹಳ ಗೌರವವಿತ್ತು. ರಾಣೆಬೆನ್ನೂರಿನಲ್ಲಿ ಇಪ್ಪತ್ತು ವರ್ಷ ಸಂಗೀತ ಪಾಠ ಹೇಳಿದ ಕಿವಿ ಅದು. ಪಕ್ಕದ ಮನೆಯ ಕುಕ್ಕರ್ ಯಾವ ಸ್ವರದಲ್ಲಿ ಕೂಗುತ್ತದೆ ಎಂದು ನಿದ್ದೆಯಲ್ಲೂ ಹೇಳಬಲ್ಲೆ. ಹೀಗಿರುವಾಗ ಒಂದು ಹಳೆಯ ಕಾರಿನ ರೋಗ ಪತ್ತೆ ಹಚ್ಚುವುದು ಯಾವ ದೊಡ್ಡ ಮಾತು!

ಕಾರು ನಮ್ಮ ಮನೆಗೆ ಬಂದದ್ದು ನನ್ನ ಎಡ ಮೊಣಕಾಲಿನ ಕೃಪೆಯಿಂದ. ಮೆಟ್ಟಿಲಿನಿಂದ ಜಾರಿ ಬಿದ್ದ ಮೇಲೆ ಆ ಕಾಲು ಕ್ಲಚ್ ತುಳಿಯಲು ಒಪ್ಪಲಿಲ್ಲ. ಬಟ್ಟೆ ಅಂಗಡಿ ನಡೆಸುವ ನಮ್ಮ ಯಜಮಾನರು ಸೈಕಲ್ಲಿಗಿಂತ ದೊಡ್ಡ ವಾಹನವನ್ನು ನಂಬುವವರಲ್ಲ. ಕೊನೆಗೆ ಹುಬ್ಬಳ್ಳಿಯ ಒಬ್ಬ ನಿವೃತ್ತ ಅಧಿಕಾರಿಯಿಂದ ಕ್ಲಚ್ಚೇ ಇಲ್ಲದ, ಗೇರನ್ನು ತಾನೇ ಬದಲಿಸಿಕೊಳ್ಳುವ ಹಳೆಯ ಜಪಾನಿ ಕಾರು ಕೊಂಡೆವು.

ಅದನ್ನು ನಡೆಸುವುದೆಂದರೆ ಎಚ್ಚರವಿದ್ದೇ ಕನಸು ಕಂಡ ಹಾಗೆ. ಸಂಜೆ ಹಲಗೇರಿಯಲ್ಲಿ ಪಾಠ ಮುಗಿಸಿ ಬರುವಾಗ ರಸ್ತೆಯ ಎರಡೂ ಕಡೆ ಹತ್ತಿ ಹೊಲ, ಬೆಳ್ಳಗೆ ತೇಲುತ್ತಿರುವಂತೆ. ಎಂಜಿನ್ನಿನ ದನಿ ಮೆಲ್ಲಗೆ ಏರಿ ಪಂಚಮಕ್ಕೆ ಬರುವುದು. ಅರವತ್ತರ ವೇಗ ದಾಟಿದ ಕೂಡಲೇ ಒಂದು ಸಣ್ಣ ಉಸಿರು ಬಿಟ್ಟು ಕೆಳಗಿನ ಷಡ್ಜಕ್ಕೆ ಇಳಿಯುವುದು. ನಾನೂ ಅದರ ಜೊತೆ ಇಳಿಯುತ್ತಿದ್ದೆ. ಎಷ್ಟೋ ಸಲ ನಮ್ಮ ಮನೆ ದಾಟಿ ಮುಂದೆ ಹೋದದ್ದುಂಟು!

ಒಂದು ಸಂಜೆ ಅದು ಇಳಿಯಲಿಲ್ಲ. ಅರವತ್ತು ದಾಟಿತು, ಎಪ್ಪತ್ತಾಯಿತು. ದನಿ ಏರಿದ್ದೇ ಏರಿದ್ದು. ಮನೆಗೆ ಬಂದವಳೇ ತೀರ್ಪು ಕೊಟ್ಟೆ.

"ಗೇರ್‌ಬಾಕ್ಸಿನ್ಯಾಗ ಎಣ್ಣಿ ಕಡಿಮಿ ಆಗೇತ್ರಿ. ಗಂಟಲಾ ಒಣಗೇತಿ ಅದರದು."

"ಯಾರರೆ ಮೆಕ್ಯಾನಿಕ್‌ಗೆ ತೋರಸೂಣಲ್ಲ?" ಎಂದರು ಯಜಮಾನರು.

"ನನ್ನ ಕಿವಿ ಐತಿ, ಮೆಕ್ಯಾನಿಕ್ ಯಾಕ?"

ಮರುದಿನ ಮುಂಜಾನೆ ಎಂಜಿನ್ ಚಾಲೂ ಮಾಡಿ, ಗೇರ್‌ಬಾಕ್ಸಿನ ಅಳತೆ ಕಡ್ಡಿ ಎಳೆದು ನೋಡಿದೆ. ಕಡ್ಡಿಯ ಮೇಲೆ ಎರಡು ಗುರುತು. ಎಣ್ಣೆ ಕೆಳಗಿನ ಗುರುತಿನಲ್ಲಿತ್ತು. ಅಂದರೆ ಕಡಿಮೆ! ನನ್ನ ಕಿವಿಗೆ ನಾನೇ ಕೈ ಮುಗಿದೆ. ಕಾರಿನ ಪುಸ್ತಕ ತೆಗೆದರೆ ಪೂರ್ತಿ ಜಪಾನಿ ಭಾಷೆ. ಚಿತ್ರಗಳನ್ನು ನೋಡಿ, ಅರ್ಥವಾದವಳಂತೆ ತಲೆಯಾಡಿಸಿ ಮುಚ್ಚಿಟ್ಟೆ.

ಎಣ್ಣೆ ಅಂಗಡಿಗೆ ಹೋಗಿ, "ಆಟೋಮ್ಯಾಟಿಕ್ ಗೇರಿಗೆ ಎಣ್ಣಿ ಕೊಡ್ರಿ, ಚಲೋ ಕೆಂಪಂದು," ಎಂದೆ.

ಅಂಗಡಿಯವರು ನನ್ನನ್ನೇ ನೋಡಿದರು. "ಬಣ್ಣಾ ನೋಡಿ ತಗೊಳ್ಳಾಕ ಇದೇನ್ ಬ್ಯಾಡಗಿ ಮೆಣಸಿನಕಾಯೇನ್ರಿ ಅಕ್ಕಾರ? ಕೆಂಪಂದ್ರ ಎಲ್ಲಾ ಒಂದs ಅಲ್ರಿ. ಕಡ್ಡಿ ಹಿಡಿಕಿ ಮ್ಯಾಲೆ ಹೆಸರು ಬರದಿರತೈತಿ, ಅದನ್ನ ಓದ್ಕೊಂಡ ಬರ್ರಿ."

ಓದಿಕೊಂಡು ಹೋದೆ. ಆ ಹಳೆಯ ಎಣ್ಣೆ ಈಗ ಬರುವುದಿಲ್ಲವೆಂದು ಅದೇ ಜಾತಿಯ ಹೊಸದನ್ನು ಕೊಟ್ಟರು. ಇಡೀ ಪ್ರಕರಣದಲ್ಲಿ ಸರಿಯಾಗಿ ನಡೆದ ಕೆಲಸ ಇದೊಂದೇ. ಏಕೆಂದರೆ ಇದನ್ನು ಮಾಡಿದ್ದು ನಾನಲ್ಲ! ಮನೆಗೆ ತಂದು, ಮೇಲಿನ ಗುರುತು ಮುಟ್ಟುವವರೆಗೆ ಸುರಿದೆ. ಪ್ರೀತಿಗೆಂದು ಇನ್ನೂ ಸ್ವಲ್ಪ ಸುರಿದೆ.

ಆ ಭಾನುವಾರ ಹಾವೇರಿಯಲ್ಲಿ ಶಾರದಕ್ಕನ ಸಂಗೀತ ಪರೀಕ್ಷೆ. ನನ್ನ ಶಿಷ್ಯೆಯಾದ ಶಾರದಕ್ಕ ನಿವೃತ್ತ ನರ್ಸ್. ಐವತ್ತೊಂಬತ್ತನೇ ವಯಸ್ಸಿನಲ್ಲಿ ಜೂನಿಯರ್ ಪರೀಕ್ಷೆಗೆ ಕೂತಿದ್ದರು. ಎರಡು ಸಲ ಹೆದರಿ ಅರ್ಧಕ್ಕೇ ಎದ್ದು ಬಂದಿದ್ದರು. "ಈ ಸಲ ನೀವು ಬಾಜೂಕ ಕುಂತು ಪೇಟಿ ಬಾರಿಸಿದ್ರಷ್ಟs ನಾ ಹಾಡಾಕಿ," ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದರು. ಡಿಕ್ಕಿಯಲ್ಲಿ ಹಾರ್ಮೋನಿಯಂ, ಪಕ್ಕದಲ್ಲಿ ಯಜಮಾನರು, ಹಿಂದಿನ ಸೀಟಿನಲ್ಲಿ ಶಾರದಕ್ಕ, ಅವರ ಬಾಯಲ್ಲಿ ಭೂಪ ರಾಗ. ನಾನು ಅರ್ಧ ರಸ್ತೆಯಲ್ಲಿ, ಅರ್ಧ ಆಲಾಪದಲ್ಲಿ ತೇಲುತ್ತಿದ್ದೆ. ಮಂಜು ಕೂಡ ಎಷ್ಟು ಚೆನ್ನಾಗಿ ಮುಸುಕುತ್ತಿದೆ ಎಂದುಕೊಂಡೆ.

"ಏ, ಅದು ಮಂಜಲ್ಲ!" ಎಂದು ಯಜಮಾನರು ಚೀರಿದರು. "ಹೊಗಿ! ನಮ್ಮ ಕಾರಿಂದು!"

ಮೋಟೆಬೆನ್ನೂರಿನ ಹತ್ತಿರ ಕಾರು ನಿಂತಿತು. ಕೆಳಗೆ ಕೆಂಪು ಎಣ್ಣೆ ನೊರೆನೊರೆಯಾಗಿ ಸೋರುತ್ತಿತ್ತು. ಶಾರದಕ್ಕನ ಭೂಪ ನಿಂತುಹೋಯಿತು. ಅವರು ಗಡಿಯಾರ ನೋಡಿದರು, ನನ್ನ ಮುಖ ನೋಡಿದರು. ಆ ಮುಖದಲ್ಲಿ ಏನು ಕಂಡರೋ, ಹಾವೇರಿ ಬಸ್ಸಿಗೆ ಕೈ ಮಾಡಿ ಹತ್ತಿಯೇ ಬಿಟ್ಟರು! ಹಾರ್ಮೋನಿಯಮ್ಮೂ ನಾನೂ ರಸ್ತೆಯಲ್ಲೇ ಉಳಿದೆವು.

ದುಬೈಯಲ್ಲಿ ಕೆಲಸ ಮಾಡಿ ಬಂದ ಮೆಕ್ಯಾನಿಕ್ ಒಬ್ಬರು ಆ ಊರಲ್ಲಿ ಸಿಕ್ಕರು. ನಾನು ಮುಂಜಾನೆ ಅಳತೆ ನೋಡಿ ಎಣ್ಣೆ ಸುರಿದ ಕಥೆ ಕೇಳಿ, ಕಡ್ಡಿ ನೋಡಿ ನಕ್ಕರು.

"ಕೆಳಗಿನ ಗುರುತು ತಣ್ಣಗಿದ್ದಾಗಿಂದು, ಮ್ಯಾಲಿಂದು ಬಿಸಿ ಆದಾಗಿಂದ್ರಿ ಅಕ್ಕಾರ. ನಿಮ್ಮ ಎಣ್ಣಿ ಬರೋಬ್ಬರಿನs ಇತ್ತು. ಹೆಚ್ಚು ಹಾಕಿ ಉಕ್ಕಿಸೀರಿ. ಹಾಕೂ ಮೊದ್ಲ ತ್ರಾಸ ಏನಿತ್ತು?"

ಪಂಚಮ, ಷಡ್ಜ, ಒಣಗಿದ ಗಂಟಲು ಎಲ್ಲವನ್ನೂ ವಿವರಿಸಿದೆ. ಅವರು ಶಾಂತವಾಗಿ ಕೇಳಿ, ಕಾರಿನೊಳಗೆ ಕುಳಿತರು.

"ಈ ಹಳದಿ ದೀಪಾ ಯಾವಾಗಿಂದ ಹತ್ತೇತ್ರಿ?"

"ಎಂಟು ದಿನಾತು. ಚಂದ ಕಾಣತೈತಿ ಅಂತ ಬಿಟ್ಟೇನಿ."

ಗೇರಿನ ಹಿಡಿಕೆಯ ಬದಿಯಲ್ಲಿದ್ದ ಸಣ್ಣ ಗುಂಡಿಯನ್ನು ಅವರು ಒತ್ತಿದರು. ದೀಪ ಆರಿತು. "ಇದು ಟಾಪ್ ಗೇರ್ ಬಂದ್ ಮಾಡೂ ಗುಂಡಿರಿ. ನೀವs ಒತ್ತೀರಿ, ಅದಕ್ಕs ದನಿ ಇಳಿದಿಲ್ಲ."

ಹಾಡಿಕೊಂಡು ಬರುವಾಗ ಹಿಡಿಕೆಯ ಮೇಲೆ ತಾಳ ಹಾಕುವುದು ನನ್ನ ಚಾಳಿ. ತಾಳದ ಮೊದಲ ಪೆಟ್ಟು, ಯಾವುದೋ ಒಂದು ಸಮ್, ಸರಿಯಾಗಿ ಗುಂಡಿಯ ಮೇಲೆಯೇ ಬಿದ್ದಿತ್ತು! ಯಜಮಾನರು ಹೊಲದ ಕಡೆ ತಿರುಗಿದರು. ಬೆನ್ನು ಮಾತ್ರ ಕುಲುಕುತ್ತಿತ್ತು.

ಹೆಚ್ಚಿನ ಎಣ್ಣೆ ತೆಗೆಸಿಕೊಂಡು ಹಾವೇರಿ ಮುಟ್ಟುವಷ್ಟರಲ್ಲಿ ಪರೀಕ್ಷೆ ಮುಗಿದಿತ್ತು. ಗೇಟಿನಲ್ಲಿ ಶಾರದಕ್ಕ ಕಡಲೆಕಾಯಿ ತಿನ್ನುತ್ತ ನಿಂತಿದ್ದರು. ಮುಖ ಅರಳಿತ್ತು.

"ಯಾರದೋ ಪೇಟಿ ಇತ್ತು, ಅದಕ್ಕs ಹಾಡಿದೆ. ಒಂಚೂರೂ ಹೆದರಿಕಿ ಆಗಲಿಲ್ಲ ನೋಡ್ರಿ! 'ಶ್ರುತಿ ಬಾಳ ಚಲೋ ಐತಿ, ನಿಮ್ಮ ಗುರುಗಳು ಎಲ್ಲಿ ಅದಾರ' ಅಂತ ಪರೀಕ್ಷಕರು ಕೇಳಿದ್ರು."

ನನ್ನ ಎದೆ ಉಬ್ಬಿತು. "ಏನಂದ್ರಿ?"

"ಖರೇನs ಹೇಳಿದೆ. 'ಮೋಟೆಬೆನ್ನೂರಾಗ ಎಣ್ಣಿ ಸೋರಿಸ್ಕೋತ ನಿಂತಾರ್ರಿ' ಅಂದೆ."