ಸಂಡಿಗೆ ಒಣಗದ ಮಾಳಿಗೆ

ಮನುಷ್ಯ ಒಳ್ಳೆಯ ಕೆಲಸ ಮಾಡಬಾರದು. ಮಾಡಿದರೂ ತನ್ನ ಮನೆಯ ಮಾಳಿಗೆಯ ಮೇಲಂತೂ ಮಾಡಲೇಬಾರದು. ಈ ಮಾತನ್ನು ನಾನು ಸಿಟ್ಟಿನಿಂದಲೇ ಹೇಳುತ್ತಿದ್ದೇನೆ. ಬೆಟಗೇರಿಯ ಬೇಸಿಗೆಯಲ್ಲಿ ಸ್ಲ್ಯಾಬಿನ ಕೆಳಗೆ ಮಧ್ಯಾಹ್ನ ಮಲಗಿ ನೋಡಿದವರಿಗೆ ನನ್ನ ಸಂಕಟ ಅರ್ಥವಾದೀತು. ಫ್ಯಾನು ಹಾಕಿದರೆ ಬಿಸಿಗಾಳಿ, ಹಾಕದಿದ್ದರೆ ಬೆವರು. ಮಾಸ್ತರಿಕೆಯ ಉದ್ದಕ್ಕೂ ಹುಡುಗರ ಗದ್ದಲದಲ್ಲಿ ತಪ್ಪಿಹೋದ ಮಧ್ಯಾಹ್ನದ ನಿದ್ದೆಯನ್ನು ನಿವೃತ್ತಿಯ ಮೇಲಾದರೂ ಮಾಡಬೇಕೆಂದಿದ್ದೆ. ಅದಕ್ಕೆ ಸ್ಲ್ಯಾಬು ಅಡ್ಡ ಬಂತು.

ಹೀಗಾಗಿ ಚಳಿಗಾಲವಿಡೀ ನನಗೆ ಮಾಳಿಗೆಯದೇ ಧ್ಯಾನ. ಎಸಿ ಬೇಡ, ಅದು ನಮ್ಮ ಕೋಣೆಯ ಬಿಸಿಯನ್ನು ಓಣಿಗೆ ಚೆಲ್ಲುತ್ತದೆ. ಮೇಲೆ ತಗಡಿನ ಪತ್ರಾಸು ಹೊದಿಸೋಣವೆಂದರೆ ಮೊದಲ ಮಳೆಗಾಳಿಗೇ ಅದು ಹಾರಿ ಪಕ್ಕದೂರು ಹೊಂಬಳದ ಹೊಲ ಸೇರುತ್ತದೆ. ಕೊನೆಗೆ ಸುಣ್ಣ ಗೆದ್ದಿತು. ಬಿಳುಪು ಬಿಸಿಲನ್ನು ಬಂದ ದಾರಿಗೇ ಕಳಿಸುತ್ತದೆ, ಕರೆಂಟು ಬೇಡ, ಪರಿಸರಕ್ಕೂ ಹಾನಿಯಿಲ್ಲ. ಅಂಟು ಬೆರೆಸಿ ದಪ್ಪಗೆ ಬಳಿಸಿದೆ. ಅದೇ ಹೊತ್ತಿಗೆ ಪಕ್ಕದ ಮನೆಯ ಶಂಕ್ರಪ್ಪ ತನ್ನ ಮಾಳಿಗೆಗೆ ಕರಿಯ ಕಡಪಾ ಕಲ್ಲು ಹಾಸಿಸುತ್ತಿದ್ದ. "ಕರೇ ಕಲ್ಲು ಬಿಸಲು ಕುಡಿತೈತಿ, ಬ್ಯಾಡೋ" ಎಂದು ಗೋಡೆಯಾಚೆಗೆ ಪಾಠ ಮಾಡಿದೆ. "ಹೊಲಸು ಕಾಣಂಗಿಲ್ರಿ, ಮಾಸ್ತರ" ಎಂದ.

ಬೇಸಿಗೆ ಬಂತು, ನನ್ನ ಕೋಣೆ ನಿಜವಾಗಿಯೂ ತಂಪಾಗಿತ್ತು. ಕೆಲವು ದಿನ ಗಡದ್ದಾಗಿ ನಿದ್ದೆ ಹೊಡೆದೆ. ಅಷ್ಟರಲ್ಲಿ ನನ್ನ ಹೆಂಡತಿ ಗಿರಿಜಾ, ಬಿಳಿ ನೆಲ ಹಸನಾಗಿದೆಯೆಂದು ಓಣಿಯ ಹೆಂಗಸರನ್ನೆಲ್ಲ ಕರೆದು, ಹಳೆಯ ಧೋತರ ಹಾಸಿ, ವರ್ಷದ ಸಂಡಿಗೆ ಹಾಕಿದಳು. ಸಂಜೆ ಮೆಟ್ಟಿಲಿಳಿದು ಬಂದವಳ ಮುಖ ಬಿಗಿದಿತ್ತು.

"ಏನ್ ಮಾಡಿಟ್ಟೀರಿ ಮಾಳಿಗಿಗೆ? ಸಂಡಿಗಿ ಮ್ಯಾಲ ಒಣಗ್ಯಾವು, ಬುಡಕ ಹಸೀನ ಅದಾವು. ನೆಲಾನ ಕಾಯವಲ್ದು."

"ಕಾಯಬಾರದಂತನ ಸುಣ್ಣ ಹಚ್ಚಿಸಿದ್ದು."

"ಕಾಯದ ಮಾಳಿಗಿ ತಗೊಂಡು ಏನ್ ಮಾಡೂದೈತ್ರಿ?"

ನೋಡಿ ಅನ್ಯಾಯ. ಯಾವ ಗುಣಕ್ಕಾಗಿ ಸುಣ್ಣ ಬಳಿಸಿದೆನೋ ಅದೇ ಗುಣ ಅಪರಾಧವಾಯಿತು. ಹಿಂದೆ ನಿಂತ ಹೆಂಗಸರೂ "ಮಾಸ್ತರ್ರು ಛಲೋ ಮಾಳಿಗಿ ಕೆಡಿಸಿದ್ರು ಬಿಡ್ರಿ" ಎಂದು ತೀರ್ಪು ಕೊಟ್ಟರು. ಒಬ್ಬರಾದರೂ ಕೋಣೆಯೊಳಗೆ ಬಂದು ಆ ತಂಪು ನೋಡಲಿಲ್ಲ.

ಮರುದಿನ ಸಂಡಿಗೆಯೆಲ್ಲ ಶಂಕ್ರಪ್ಪನ ಕಡಪಾ ಕಲ್ಲಿಗೆ ವರ್ಗವಾಯಿತು. ಕಾಗೆ ಕಾಯಲು ಒಬ್ಬರು ಬೇಕಲ್ಲ. ಓಣಿಯಲ್ಲಿ ಕೆಲಸವಿಲ್ಲದ ಗಂಡಸು ನಾನೊಬ್ಬನೇ ಎಂದು ಗಿರಿಜಾ ಕೈಗೆ ಛತ್ರಿ ಕೊಟ್ಟು ಹತ್ತಿಸಿದಳು. ಕೆಳಗಿನಿಂದ ಶಂಕ್ರಪ್ಪ, "ನಮ್ಮ ಮನ್ಯಾಗ ಭಾಳ ಕುದಿ ಐತ್ರಿ. ನಿಮ್ಮ ಖೋಲ್ಯಾಗ ಒಂದೀಟು ಅಡ್ಡಾಗ್ಲೇನ್ರಿ?" ಎಂದು ಕೇಳಿದ. ಅವನ ಮಾಳಿಗೆಯ ಮೇಲೆ ನಿಂತುಕೊಂಡು ಅವನಿಗೆ ಇಲ್ಲವೆನ್ನುವುದು ಹೇಗೆ? ಹೂಂ ಎಂದೆ.

ಈಗ ಕಾದ ಕಲ್ಲಿನ ಮೇಲೆ ಕಾಲು ಬದಲಿಸುತ್ತ ಕಾಗೆ ಓಡಿಸುತ್ತಿದ್ದೇನೆ. ನನ್ನ ಕೋಣೆಯ ಕಿಟಕಿಯಿಂದ ಶಂಕ್ರಪ್ಪನ ಗೊರಕೆ ಕೇಳುತ್ತಿದೆ. ಸುಣ್ಣದ ವಿಷಯದಲ್ಲಿ ನಾನು ಹೇಳಿದ್ದು ಸರಿಯೆಂದು ಇಡೀ ಓಣಿಯಲ್ಲಿ ಒಪ್ಪಿದವನು ಅವನೊಬ್ಬನೇ. ಅದೂ ನನ್ನ ಹಾಸಿಗೆಯಲ್ಲಿ ಮಲಗಿಕೊಂಡು.